ಹೆಂಚಿನ ಮಾಡಿನ ಮರದ ಟ್ರಸ್‌ಗೆ ರಂಧ್ರ ಕೊರೆದಿದ್ದರೆ: ಬಲ ಎಷ್ಟು ಕುಗ್ಗಿದೆ ಎಂದು ನಿರ್ಧರಿಸುವ ಕ್ರಮ

ಕರಾವಳಿ ಮತ್ತು ಮಲೆನಾಡಿನ ಹಳೆಯ ಶಾಲೆಗಳು, ಇಗರ್ಜಿಗಳು, ಬಂಗಲೆಗಳು, ಗೋದಾಮುಗಳು ಮತ್ತು ದೊಡ್ಡ ಹಜಾರವಿರುವ ಮನೆಗಳಲ್ಲಿ ಮಂಗಳೂರು ಹೆಂಚಿನ ಭಾರವನ್ನು ಗೋಡೆಯಿಂದ ಗೋಡೆಗೆ ದಾಟಿಸುವುದು ಮರದ ಟ್ರಸ್, ಅಂದರೆ ತ್ರಿಕೋನಾಕಾರದ ಚೌಕಟ್ಟು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹರಡಿದ ಈ ಮಾಡುಗಳಲ್ಲಿ ಅನೇಕವು ಇಂದಿಗೂ ಗಟ್ಟಿಯಾಗಿಯೇ ನಿಂತಿವೆ. ಆದರೆ ಕಟ್ಟಿದವರು ಎಣಿಸದಿದ್ದ ಒಂದು ಕೆಲಸ ಅವುಗಳ ಮೇಲೆ ವರ್ಷ ವರ್ಷವೂ ನಡೆಯುತ್ತ ಬಂದಿದೆ. ವಯರಿಂಗ್ ಪೈಪು ದಾಟಿಸಲು, ಫ್ಯಾನಿನ ಕೊಂಡಿ ಸಿಕ್ಕಿಸಲು, ಸೋಲಾರ್ ಹೀಟರಿನ ನೀರಿನ ಪೈಪು ಇಳಿಸಲು, ಫಾಲ್ಸ್ ಸೀಲಿಂಗಿನ ಸರಳುಗಳನ್ನು ತೂಗುಹಾಕಲು, ತೂಗುಯ್ಯಾಲೆ ಕಟ್ಟಲು ಎಂದು ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಬಂದು ಡ್ರಿಲ್ ಹಿಡಿದು ಹೋಗಿರುತ್ತಾರೆ. ಅವರಲ್ಲಿ ಯಾರೂ ಹಿಂದಿನವರು ಎಲ್ಲಿ ಕೊರೆದಿದ್ದಾರೆ ಎಂದು ನೋಡಿರುವುದಿಲ್ಲ.

ಇಂಥ ರಂಧ್ರ ಕಣ್ಣಿಗೆ ಬಿದ್ದಾಗ ಮನೆಯವರು ಸಾಮಾನ್ಯವಾಗಿ ಕೇಳುವುದು ಅದರ ಗಾತ್ರವನ್ನು. ಗಾತ್ರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ: ರಂಧ್ರ ಯಾವ ಮರದಲ್ಲಿದೆ, ಆ ಮರದ ಯಾವ ಭಾಗದಲ್ಲಿದೆ, ಯಾವ ದಿಕ್ಕಿಗೆ ಕೊರೆಯಲಾಗಿದೆ. ತಪ್ಪಾದ ಜಾಗದ ಒಂದು 12 ಮಿ.ಮೀ. ರಂಧ್ರವು ಸರಿಯಾದ ಜಾಗದ 25 ಮಿ.ಮೀ. ರಂಧ್ರಕ್ಕಿಂತ ಹೆಚ್ಚು ಅಪಾಯಕಾರಿಯಾಗಬಲ್ಲದು. ಮನೆಯವರು, ಶಾಲಾಭಿವೃದ್ಧಿ ಸಮಿತಿಯವರು, ಬಡಗಿಗಳು ಅಥವಾ ಈ ಬಗೆಯ ಮಾಡನ್ನು ಮೊದಲ ಬಾರಿಗೆ ನೋಡುತ್ತಿರುವ ಎಂಜಿನಿಯರುಗಳು ಯಾವ ಮಾಹಿತಿಯನ್ನು ಹೇಗೆ ಸಂಗ್ರಹಿಸಬೇಕು, ಅದರಿಂದ ಎಲ್ಲಿಯವರೆಗೆ ತೀರ್ಮಾನಕ್ಕೆ ಬರಬಹುದು, ಎಲ್ಲಿ ನಿಂತು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಹತ್ತುವ ಮೊದಲು

ಮಾಡಿನ ಕೆಳಗೆ ನಿಂತು ಮೊದಲು ಕಣ್ಣಿನಿಂದಲೇ ನೋಡಿ. ರಂಧ್ರದಿಂದ ಹೊರಟ ಹೊಸ ಬಿರುಕು, ಒಂದು ಕಡೆ ಕುಸಿದ ಹೆಂಚಿನ ಸಾಲು, ಗೋಡೆಯ ನೆತ್ತಿಯಲ್ಲಿ ಹೊರಕ್ಕೆ ತಳ್ಳಿದಂತೆ ಎದ್ದ ಗಾರೆ, ಇವುಗಳಲ್ಲಿ ಒಂದು ಕಂಡರೂ ಆ ಟ್ರಸ್‌ನ ಕೆಳಗಿನ ಜಾಗವನ್ನು ಖಾಲಿ ಮಾಡಿಸಿ, ಪರೀಕ್ಷೆಯನ್ನು ಅಲ್ಲಿಗೆ ನಿಲ್ಲಿಸಿ, ಆಸರೆ ಕೊಡುವ ಏರ್ಪಾಟು ಮಾಡಬೇಕು. ಶಾಲೆಯಾಗಿದ್ದರೆ ಆ ತರಗತಿಯನ್ನು ಅಂದೇ ಬೇರೆ ಕೋಣೆಗೆ ಸ್ಥಳಾಂತರಿಸಬೇಕು. ಇದರಲ್ಲಿ ಸಂಕೋಚ ಬೇಡ.

ಆಸರೆ ಕೊಡುವಾಗ ಆಗುವ ತಪ್ಪೊಂದನ್ನು ಇಲ್ಲಿಯೇ ಹೇಳಬೇಕು. ಗೋಡೆಯಿಂದ ಗೋಡೆಗೆ ಮಲಗಿದ ಅಡ್ಡತೊಲೆಯ ನಡುವಿಗೆ ಕಂಬ ಕೊಟ್ಟು ಜಾಕಿಯಿಂದ ಮೇಲಕ್ಕೆತ್ತಿದರೆ, ನೆತ್ತಿಯಿಂದ ಅದರ ನಡುವಿಗೆ ಇಳಿದಿರುವ, ಎಳೆತದಲ್ಲಿ ಇರಬೇಕಾದ ನಡುಗಂಬ ಒತ್ತಡಕ್ಕೆ ಸಿಕ್ಕಿ, ಎಳೆತಕ್ಕೆಂದೇ ಮಾಡಿದ ಜೋಡಣೆಗಳು ಸಡಿಲವಾಗುತ್ತವೆ. ಆದ್ದರಿಂದ ಆಸರೆಯ ಕಂಬವು ಮರಕ್ಕೆ ತಾಗಿ ಬಿಗಿಯಾಗಿ ನಿಲ್ಲಬೇಕೇ ಹೊರತು ಮರವನ್ನು ಎತ್ತಬಾರದು. ಕಂಬದ ಬುಡಕ್ಕೆ ದಪ್ಪ ಹಲಗೆ ಹಾಸಿ ಭಾರ ನೆಲಕ್ಕೆ ಹರಡುವಂತೆ ಮಾಡಬೇಕು. ಬಿರುಕು ಗೋಡೆಯ ಸಮೀಪದ ಜೋಡಣೆಯಲ್ಲಿದ್ದರೆ ಗೋಡೆಗೆ ಹತ್ತಿರವಾಗಿಯೇ ಆಸರೆ ಬೇಕು. ಆದರೆ ಇಳಿಜಾರು ತೊಲೆಯ ಕಾಲು ಹೊರಕ್ಕೆ ಜಾರುವುದನ್ನು ಕೆಳಗಿನ ಕಂಬ ತಡೆಯುವುದಿಲ್ಲ ಎಂಬುದನ್ನು ಮರೆಯಬಾರದು. ಅದಕ್ಕೆ ಗೋಡೆಯಿಂದ ಗೋಡೆಗೆ ಬಿಗಿಯುವ ತಾತ್ಕಾಲಿಕ ಕಬ್ಬಿಣದ ಕಟ್ಟೂ ಬೇಕಾದೀತು.

ಅಟ್ಟಕ್ಕೆ ಹತ್ತುವ ಮೊದಲು ಮೇನ್ ಸ್ವಿಚ್ ತೆಗೆಯಬೇಕು, ಏಕೆಂದರೆ ನೀವು ಬೆರಳಿಟ್ಟು ನೋಡಲಿರುವ ರಂಧ್ರದಲ್ಲೇ ವಯರು ಇರುತ್ತದೆ. ಮುಚ್ಚಿಗೆಯ ಹಲಗೆಗಳ ಮೇಲಾಗಲಿ ಫಾಲ್ಸ್ ಸೀಲಿಂಗಿನ ಮೇಲಾಗಲಿ ಕಾಲಿಡದೆ, ತೊಲೆಯಿಂದ ತೊಲೆಗೆ ಹಲಗೆ ಹಾಸಿಕೊಂಡು ನಡೆಯಬೇಕು. ಬಾವಲಿಯ ಹಿಕ್ಕೆ ಇರುವ ಅಟ್ಟಗಳಲ್ಲಿ ಮೂಗು ಬಾಯಿ ಮುಚ್ಚುವ ಮಾಸ್ಕ್ ಅಗತ್ಯ. ಕಣಜದ ಗೂಡು ಮತ್ತು ಹಾವಿನ ಬಗ್ಗೆ ಈ ಭಾಗದವರಿಗೆ ಹೇಳಬೇಕಾಗಿಲ್ಲ.

ಯಾವ ಮರ ಏನು ಕೆಲಸ ಮಾಡುತ್ತಿದೆ

ಹೆಂಚಿನ ಮಾಡೆಲ್ಲ ಟ್ರಸ್‌ನ ಮಾಡಲ್ಲ. ಗೋಡೆಯ ಮೇಲೆ ಮತ್ತು ನೆತ್ತಿಯ ತೊಲೆಯ ಮೇಲೆ ಪಕ್ಕಾಸುಗಳನ್ನು ಇಟ್ಟು, ಅವುಗಳ ಮೇಲೆ ರೀಪು ಹೊಡೆದು ಹೆಂಚು ಹೊದಿಸಿದ ಸಣ್ಣ ಮನೆಗಳಲ್ಲಿ ಒಂದೊಂದು ಮರವೂ ಸ್ವತಂತ್ರವಾಗಿ ಬಾಗಿ ಭಾರ ಹೊರುತ್ತದೆ. ಟ್ರಸ್‌ನಲ್ಲಿ ಹಾಗಲ್ಲ, ಅಲ್ಲಿ ಪ್ರತಿಯೊಂದು ಮರವೂ ಮತ್ತೊಂದನ್ನು ಅವಲಂಬಿಸಿದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ನಡುಗಂಬದ ಟ್ರಸ್, ಎಂಜಿನಿಯರುಗಳ ಮಾತಿನಲ್ಲಿ ಕಿಂಗ್ ಪೋಸ್ಟ್ ಟ್ರಸ್. ಅದರಲ್ಲಿ ಗೋಡೆಯಿಂದ ಗೋಡೆಗೆ ಮಲಗಿದ ಅಡ್ಡತೊಲೆ, ಎರಡು ಕಡೆಯಿಂದ ಏರಿ ನೆತ್ತಿಯಲ್ಲಿ ಸೇರುವ ಇಳಿಜಾರು ತೊಲೆಗಳು, ನೆತ್ತಿಯಿಂದ ಅಡ್ಡತೊಲೆಯ ನಡುವಿಗೆ ಇಳಿಯುವ ನಡುಗಂಬ, ಮತ್ತು ನಡುಗಂಬದ ಬುಡದಿಂದ ಇಳಿಜಾರು ತೊಲೆಗಳ ಮಧ್ಯಕ್ಕೆ ಆನಿಸಿದ ಎರಡು ಓರೆಮರಗಳು ಇರುತ್ತವೆ.

ಇಳಿಜಾರು ತೊಲೆಗಳು ಮತ್ತು ಓರೆಮರಗಳು ಒತ್ತಡ ತಾಳುತ್ತವೆ. ಇಳಿಜಾರು ತೊಲೆಗಳ ಕಾಲು ಹೊರಕ್ಕೆ ಜಾರದಂತೆ ಎರಡೂ ಕಡೆಯಿಂದ ಹಿಡಿದಿಟ್ಟಿರುವ ಅಡ್ಡತೊಲೆ ಎಳೆತ ತಾಳುತ್ತದೆ. ನಡುಗಂಬವು ಹೆಸರಿಗೆ ಕಂಬವಾದರೂ ಅದರ ಕೆಲಸ ಕಂಬದ್ದಲ್ಲ. ಅದು ನೆತ್ತಿಯಿಂದ ತೂಗುತ್ತ ಅಡ್ಡತೊಲೆಯ ನಡುವನ್ನೂ ಓರೆಮರಗಳ ಬುಡವನ್ನೂ ಮೇಲಕ್ಕೆ ಹಿಡಿದಿರುತ್ತದೆ, ಅಂದರೆ ಎಳೆತದಲ್ಲಿರುತ್ತದೆ. ಅದರ ಬುಡವನ್ನು ಅಡ್ಡತೊಲೆಗೆ ಕಟ್ಟಿರುವ ಕಬ್ಬಿಣದ ಪಟ್ಟಿ ಇದಕ್ಕೆ ಸಾಕ್ಷಿ. ನಡುಗಂಬ ಸಾಮಾನ್ಯ ಕಂಬದಂತೆ ಭಾರ ಹೊರುತ್ತದೆ ಎಂದು ತಿಳಿದು, ಅದರ ಬುಡದಲ್ಲಿ ಕೊರೆದರೆ ಏನೂ ಆಗದು ಎಂದು ವಾದಿಸುವವರು ಬಹಳ ಮಂದಿ ಇದ್ದಾರೆ. ಒತ್ತಡದಲ್ಲಿರುವ ಮರ ಒಂದು ರಂಧ್ರವನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಎಳೆತದಲ್ಲಿರುವ ಮರ ಮುನ್ಸೂಚನೆಯಿಲ್ಲದೆ ಸೀಳಿ ಕೈಬಿಡಬಹುದು. ಆದ್ದರಿಂದ ಪರೀಕ್ಷೆಯಲ್ಲಿ ಮೊದಲ ಸರದಿ ಅಡ್ಡತೊಲೆ ಮತ್ತು ನಡುಗಂಬದ್ದು.

ಅಳೆದು ಬರೆದುಕೊಳ್ಳುವುದು

ಬಾಗಿಲ ಕಡೆಯಿಂದ ಟ್ರಸ್‌ಗಳಿಗೆ ಕ್ರಮಸಂಖ್ಯೆ ಕೊಟ್ಟು, ಪ್ರತಿಯೊಂದಕ್ಕೂ ಒಂದು ಹಾಳೆಯಲ್ಲಿ ಚಿತ್ರ ಬರೆಯಿರಿ. ಪ್ರತಿ ಮರದ ಅಗಲ ಮತ್ತು ಎತ್ತರ, ಟ್ರಸ್‌ನ ಒಟ್ಟು ಉದ್ದ, ನೆತ್ತಿಯ ಎತ್ತರ, ಪಕ್ಕದ ಟ್ರಸ್‌ಗೆ ಇರುವ ಅಂತರ ಇವೆಲ್ಲವೂ ಮುಂದಿನ ಲೆಕ್ಕಕ್ಕೆ ಬೇಕು. ಆಮೇಲೆ ರಂಧ್ರಗಳನ್ನು ಒಂದೊಂದಾಗಿ ಗುರುತಿಸಬೇಕು. ಬಳಕೆಯಲ್ಲಿರುವ ರಂಧ್ರಗಳಷ್ಟೇ ಅಲ್ಲ, ಹಳೆಯ ವಯರು ತೆಗೆದ ಮೇಲೆ ಮೇಣವೋ ಪುಟ್ಟಿಯೋ ತುಂಬಿ ಬಣ್ಣ ಬಳಿದು ಮುಚ್ಚಿದವೂ ಲೆಕ್ಕಕ್ಕೆ ಬರುತ್ತವೆ. ಬೆಳಕನ್ನು ಮರಕ್ಕೆ ಓರೆಯಾಗಿ ಹಿಡಿದರೆ ಅವು ತಗ್ಗಾಗಿ ಕಾಣಿಸುತ್ತವೆ. ಬಡಗಿ ಮೂಲದಲ್ಲೇ ಮರದ ಗೂಟ ಹೊಡೆಯಲು ಬೈರಿಗೆಯಿಂದ ಕೊರೆದ ರಂಧ್ರಗಳನ್ನು ಬೇರೆಯಾಗಿ ಬರೆದುಕೊಳ್ಳಬೇಕು. ಅವು ವಿನ್ಯಾಸದ ಭಾಗ.

ಪ್ರತಿ ರಂಧ್ರದ ವ್ಯಾಸವನ್ನು ಎರಡೂ ಬಾಯಿಗಳಲ್ಲಿ ಅಳೆಯಬೇಕು. ಹಳೆಯ ಗಟ್ಟಿ ಮರದಲ್ಲಿ ಡ್ರಿಲ್ ಬಿಟ್ ನೇರ ಹೋಗುವುದು ಅಪರೂಪ. ಒಳಹೊಕ್ಕ ಕಡೆ ಮಧ್ಯದಲ್ಲಿದ್ದ ರಂಧ್ರ ಹೊರಬಂದ ಕಡೆ ಅಂಚಿಗೆ ಹತ್ತಿರವಾಗಿರುತ್ತದೆ. ಒಂದು ನೇರ ಕಡ್ಡಿಯನ್ನು ತೂರಿಸಿದರೆ ದಿಕ್ಕು ತಿಳಿಯುತ್ತದೆ, ಆಚೆ ದಾಟದ ರಂಧ್ರವಾದರೆ ಆಳವೂ ತಿಳಿಯುತ್ತದೆ. ನಂತರ ರಂಧ್ರದ ಅಂಚಿನಿಂದ ಮರದ ಮೇಲಂಚಿಗೆ, ಕೆಳಂಚಿಗೆ, ಹತ್ತಿರದ ಜೋಡಣೆಗೆ, ಹತ್ತಿರದ ಬೋಲ್ಟಿಗೆ ಮತ್ತು ಹತ್ತಿರದ ಗಂಟಿಗೆ ಎಷ್ಟು ದೂರ ಎಂಬ ಐದು ಅಳತೆಗಳನ್ನು ಬರೆಯಬೇಕು. ಗಂಟು ಎಂದರೆ ಅಲ್ಲಿ ಮರದ ಎಳೆ ಈಗಾಗಲೇ ತಿರುಗಿದೆ, ಆ ಭಾಗ ಎಳೆತಕ್ಕೆ ಅರೆಬರೆ ಮಾತ್ರ ಒದಗುತ್ತದೆ. ಹೀಗಾಗಿ ಗಂಟಿನ ಪಕ್ಕದ ರಂಧ್ರವನ್ನು ಗಂಟು ಮತ್ತು ರಂಧ್ರ ಸೇರಿದ ಒಂದು ದೊಡ್ಡ ರಂಧ್ರವೆಂದೇ ಎಣಿಸುವುದು ಕ್ಷೇಮ. ಅದೇ ರೀತಿ ಎಳೆಯ ಉದ್ದಕ್ಕೆ ಒಂದರಿಂದೊಂದು ವ್ಯಾಸದ ನಾಲ್ಕು ಪಟ್ಟಿಗಿಂತ ಹತ್ತಿರವಿರುವ ರಂಧ್ರಗಳು ಬೇರೆ ಬೇರೆ ಸಾಲಿನಲ್ಲಿದ್ದರೂ, ಅವೆಲ್ಲವೂ ಒಂದೇ ಅಡ್ಡಕೊಯ್ತದಲ್ಲಿ, ಅಂದರೆ ಮರವನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಒಂದೇ ಮೈಯಲ್ಲಿ, ಇವೆ ಎಂದು ಭಾವಿಸಿ ಅದರ ವಿಸ್ತೀರ್ಣದಿಂದ ಕಳೆಯಬೇಕು. ಸ್ಕೇಲು ಅಥವಾ ಟೇಪು ಜೊತೆಗಿಟ್ಟು ತೆಗೆದ ಫೋಟೊ ಇಲ್ಲದ ಅಳತೆಯನ್ನು ಎಂಜಿನಿಯರು ನಂಬಲಾರರು.

ದಿಕ್ಕು ಮತ್ತು ಜಾಗದ ಲೆಕ್ಕ

ಅಡ್ಡತೊಲೆ 100 ಮಿ.ಮೀ. ಅಗಲ, 200 ಮಿ.ಮೀ. ಎತ್ತರವಿದೆ ಎಂದುಕೊಳ್ಳೋಣ. ಅದರ ಅಡ್ಡಕೊಯ್ತದ ವಿಸ್ತೀರ್ಣ 20,000 ಚದರ ಮಿ.ಮೀ. ಪಕ್ಕದಿಂದ ಪಕ್ಕಕ್ಕೆ 25 ಮಿ.ಮೀ. ರಂಧ್ರ ಕೊರೆದರೆ ಹೋಗುವುದು 2,500, ಅಂದರೆ ಎಂಟನೇ ಒಂದು ಭಾಗ. ಅದೇ ಬಿಟ್‌ನಿಂದ ಮೇಲಿನಿಂದ ಕೆಳಕ್ಕೆ ಕೊರೆದರೆ ಹೋಗುವುದು 5,000, ಅಂದರೆ ಕಾಲು ಭಾಗ. ಫ್ಯಾನಿನ ಕೊಂಡಿಗಾಗಿ ಮೇಲಿನಿಂದ ಕೆಳಕ್ಕೆ ಕೊರೆದ ರಂಧ್ರಗಳು ನೋಟಕ್ಕೆ ಅಚ್ಚುಕಟ್ಟಾಗಿದ್ದರೂ ಈ ಕಾರಣದಿಂದ ಹೆಚ್ಚು ದುಬಾರಿ.

ಇನ್ನೊಂದು ಅಂಶ ಇನ್ನೂ ಮುಖ್ಯವಾದದ್ದು. ಪಕ್ಕದಿಂದ ಕೊರೆದ ಆ 25 ಮಿ.ಮೀ. ರಂಧ್ರ ತೊಲೆಯ ಎತ್ತರದ ಸರಿ ಮಧ್ಯದಲ್ಲಿದ್ದರೆ ಉಳಿದ ಮರದ ಮೇಲಿನ ಸರಾಸರಿ ಎಳೆತ ಸುಮಾರು ಶೇ 14ರಷ್ಟು ಏರುತ್ತದೆ. ರಂಧ್ರದ ಕೇಂದ್ರ ಕೆಳಂಚಿನಿಂದ 40 ಮಿ.ಮೀ. ದೂರದಲ್ಲಿದ್ದರೆ, ಉಳಿದ ಮರದ ತೂಕದ ಮಧ್ಯಬಿಂದು ಸುಮಾರು 8.6 ಮಿ.ಮೀ. ಮೇಲಕ್ಕೆ ಸರಿಯುತ್ತದೆ. ಎಳೆತ ಮಾತ್ರ ಹಳೆಯ ಮಧ್ಯದಲ್ಲೇ ಹಾದುಹೋಗುವುದರಿಂದ ತೊಲೆಯಲ್ಲಿ ಬಾಗುವಿಕೆ ಹುಟ್ಟಿ, ಕೆಳಂಚಿನ ಎಳೆತ ಮೊದಲಿಗಿಂತ ಸುಮಾರು ಶೇ 47ರಷ್ಟು ಹೆಚ್ಚುತ್ತದೆ. ಕಳೆದುಹೋದ ಮರ ಎರಡು ಸಂದರ್ಭಗಳಲ್ಲೂ ಒಂದೇ, ಪರಿಣಾಮ ಮಾತ್ರ ಮೂರು ಪಟ್ಟಿಗೂ ಹೆಚ್ಚು. ಇದರ ಮೇಲೆ ರಂಧ್ರದ ಅಂಚಿನಲ್ಲೇ ಬಲ ಒಟ್ಟುಗೂಡುವ ಗುಣವಿದೆ. ಅದು ಈ ಸರಳ ಲೆಕ್ಕದಲ್ಲಿ ಸೇರಿಲ್ಲ.

ಈ ಶೇಕಡಾವಾರುಗಳನ್ನು ಓದಿ ಗಾಬರಿಯಾಗುವ ಮೊದಲು ಮರದ ಮೇಲೆ ನಿಜವಾಗಿ ಎಷ್ಟು ಭಾರವಿದೆ ಎಂದು ನೋಡಬೇಕು. 6 ಮೀಟರ್ ಅಗಲದ ಹಜಾರ, 3 ಮೀಟರಿಗೆ ಒಂದು ಟ್ರಸ್, 30 ಡಿಗ್ರಿ ಇಳಿಜಾರು ಇದ್ದರೆ ಒಂದು ಟ್ರಸ್‌ನ ಪಾಲಿಗೆ ಬರುವ ಮಾಡು ಸುಮಾರು 21 ಚದರ ಮೀಟರ್. ಚದರ ಮೀಟರಿಗೆ ಹದಿನೈದರಷ್ಟು ಹೆಂಚುಗಳು, ಒಂದೊಂದು 2ರಿಂದ 3 ಕೆ.ಜಿ., ಮಳೆಗಾಲದಲ್ಲಿ ಅವು ಹೀರಿಕೊಳ್ಳುವ ನೀರು, ಪಕ್ಕಾಸು, ರೀಪು ಎಲ್ಲ ಸೇರಿ ಚದರ ಮೀಟರಿಗೆ 65 ಕೆ.ಜಿ. ಎಂದು ಹಿಡಿದರೆ ಒಟ್ಟು 1,350 ಕೆ.ಜಿ. ಆಗುತ್ತದೆ. ನಡುಗಂಬದ ಟ್ರಸ್‌ನಲ್ಲಿ ಈ ಭಾರವು ನೆತ್ತಿಯ ಮೇಲೂ ಓರೆಮರಗಳು ಆನಿಸಿದ ಜಾಗಗಳ ಮೇಲೂ ಇಳಿದರೆ, ಅಡ್ಡತೊಲೆಯ ಎಳೆತ ಅದರ 0.65 ಪಟ್ಟು, ಸುಮಾರು 880 ಕೆ.ಜಿ. ತೂಕದಷ್ಟು, ನಡುಗಂಬದ ಎಳೆತ ನಾಲ್ಕನೇ ಒಂದು ಪಾಲು, ಸುಮಾರು 340 ಕೆ.ಜಿ. ಮೇಲೆ ಹೇಳಿದ ಅಡ್ಡತೊಲೆಯಲ್ಲಿ ಆ 880 ಕೆ.ಜಿ.ಯ ಎಳೆತ ಚದರ ಮಿಲಿಮೀಟರಿಗೆ 0.43 ನ್ಯೂಟನ್ ಮಾತ್ರ (ಒಂದು ಕೆ.ಜಿ. ತೂಕ ಸುಮಾರು 9.8 ನ್ಯೂಟನ್ ಬಲ). ಕಟ್ಟಡದ ಮರಕ್ಕೆ ಸಂಬಂಧಿಸಿದ ಭಾರತೀಯ ಮಾನದಂಡ ಐಎಸ್ 883ರ ಪ್ರಕಾರ ಒಳಾಂಗಣದಲ್ಲಿರುವ ಬಿ ಗುಂಪಿನ, ಅಂದರೆ ಮಧ್ಯಮ ಬಲದ, ಮರಕ್ಕೆ ಎಳೆಯ ಉದ್ದಕ್ಕೆ 12 ನ್ಯೂಟನ್‌ವರೆಗೆ ಅವಕಾಶವಿದೆ. ಹಳೆಯ ಬಡಗಿಗಳು ಧಾರಾಳವಾಗಿ ಬಳಸಿದ ದಪ್ಪ ಮರದ ನಡುಭಾಗದಲ್ಲಿ ಬಲದ ಉಳಿಕೆ ಎಷ್ಟಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಜೋಡಣೆಗಳಿಂದ ದೂರದಲ್ಲಿ, ಎತ್ತರದ ಮಧ್ಯದಲ್ಲಿ, ಗಂಟಿಲ್ಲದ ಜಾಗದಲ್ಲಿ ಇರುವ ಒಂಟಿ ರಂಧ್ರ ಅಂಥ ತೊಲೆಯನ್ನು ಕೆಡಹುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಆದರೆ ಅದೇ ತೊಲೆಯನ್ನು ಗೋಡೆಯ ಮೇಲಿನ ಜೋಡಣೆಯಲ್ಲಿ ನೋಡಿದಾಗ ಚಿತ್ರ ಪೂರ್ತಿ ಬದಲಾಗುತ್ತದೆ. ಇಳಿಜಾರು ತೊಲೆಯ ಕಾಲು ಅಡ್ಡತೊಲೆಯ ಮೇಲೆ ಕಡಿದ ಕಚ್ಚಿನಲ್ಲಿ ಕೂತು ಹೊರಕ್ಕೆ ತಳ್ಳುತ್ತಿರುತ್ತದೆ. ಆ ತಳ್ಳುವಿಕೆಯನ್ನು ತಡೆಯುವುದು ಕಚ್ಚಿನಿಂದ ತೊಲೆಯ ಕೊನೆಯವರೆಗೆ ಉಳಿದಿರುವ ಸಣ್ಣ ತುದಿತುಂಡು ಮಾತ್ರ. ಅದು ಎಳೆಯ ಉದ್ದಕ್ಕೆ ಪದರವಾಗಿ ಜಾರಿಹೋಗದೆ ನಿಂತಿರಬೇಕು. ತುದಿತುಂಡಿನ ಉದ್ದ 150 ಮಿ.ಮೀ. ಇದ್ದರೆ ಜಾರುವಿಕೆಯನ್ನು ತಡೆಯುವ ಮೈ 15,000 ಚದರ ಮಿ.ಮೀ.; ಹೆಂಚಿನ ಭಾರದಿಂದಲೇ ಅದರ ಮೇಲೆ 0.57 ನ್ಯೂಟನ್ ಬೀಳುತ್ತದೆ. ಮಾಡಿನ ಮೇಲೆ ರಿಪೇರಿಗೆ ಹತ್ತುವವರಿಗಾಗಿ ಕಟ್ಟಡದ ಭಾರಗಳ ಮಾನದಂಡ ಐಎಸ್ 875 ಕೊಡುವ ಚರಭಾರವನ್ನು ಸೇರಿಸಿದರೆ 0.78 ಆಗುತ್ತದೆ. ಎಳೆಯ ಉದ್ದದ ಜಾರುವಿಕೆಗೆ ಬಿ ಗುಂಪಿನ ಮರಕ್ಕಿರುವ ಮಿತಿ 0.91. ಈಗ ವಯರಿಂಗ್ ಪೈಪನ್ನು ಗೋಡೆಗೆ ಇಳಿಸುವವನು ಆ ಪದರದ ಮಟ್ಟದಲ್ಲೇ ಪಕ್ಕದಿಂದ 25 ಮಿ.ಮೀ. ಕೊರೆದರೆ ಉಳಿಯುವ ಮೈ 12,500, ಬಲ 0.94. ಮಿತಿ ದಾಟಿತು. ನಡುಭಾಗದಲ್ಲಿ ಗಣನೆಗೇ ಬಾರದ ರಂಧ್ರ ಇಲ್ಲಿ ಇಡೀ ಚೌಕಟ್ಟಿನ ಭದ್ರತೆಯನ್ನು ತಿಂದುಹಾಕಿತು. ವಯರಿಂಗ್‌ನವರು ಕೊರೆಯುವುದು ಹೆಚ್ಚಾಗಿ ಗೋಡೆಯ ಪಕ್ಕದಲ್ಲೇ ಎಂಬುದೇ ಇಲ್ಲಿನ ದುಃಖದ ಸಂಗತಿ.

ಇದು ಒಂದು ಮಾದರಿ ಲೆಕ್ಕವಷ್ಟೇ. ನಿಮ್ಮ ಮಾಡಿನ ಅಳತೆಗಳು ಬೇರೆ, ಮರದ ಜಾತಿ ಬೇರೆ, ಗಾಳಿಯ ಬಲವನ್ನು ಇಲ್ಲಿ ಸೇರಿಸಿಯೇ ಇಲ್ಲ. ಆದರೆ ನಡುಭಾಗಕ್ಕೂ ತುದಿಗೂ ಇರುವ ಅಂತರ ಎಲ್ಲ ಟ್ರಸ್‌ಗಳಲ್ಲೂ ಇದೇ ಬಗೆಯದು. ನಡುಗಂಬದ ಎರಡು ಕೊನೆಗಳಿಗೂ ಈ ಮಾತು ಸಲ್ಲುತ್ತದೆ: ಇಳಿಜಾರು ತೊಲೆಗಳು ಆನಿಸಿದ ತಲೆಯ ಉಬ್ಬು ಮತ್ತು ಕಬ್ಬಿಣದ ಪಟ್ಟಿ ಹಿಡಿದಿರುವ ಬುಡ.

ತೂಗುಹಾಕಿದ ಭಾರಗಳನ್ನು ಬೇರೆಯಾಗಿ ಎಣಿಸಬೇಕು. ಅಡ್ಡತೊಲೆಯ ಅರ್ಧಭಾಗದ ಮಧ್ಯದಲ್ಲಿ, ಅಂದರೆ ಗೋಡೆ ಮತ್ತು ನಡುಗಂಬಗಳ ನಡುವೆ, ಇಬ್ಬರು ಕೂತ ಉಯ್ಯಾಲೆಯ 150 ಕೆ.ಜಿ. ತೂಗಿದರೆ ಮೇಲೆ ಹೇಳಿದ ಅಡ್ಡತೊಲೆಯಲ್ಲಿ ಹುಟ್ಟುವ ಬಾಗುವಿಕೆಯ ಬಲ ಚದರ ಮಿಲಿಮೀಟರಿಗೆ ಸುಮಾರು 1.65 ನ್ಯೂಟನ್, ಇಡೀ ಮಾಡಿನ ಎಳೆತದ ಹೆಚ್ಚುಕಡಿಮೆ ನಾಲ್ಕು ಪಟ್ಟು. ತೂಗುವಾಗ ಅದು ಇನ್ನೂ ಏರುತ್ತದೆ. ಗಟ್ಟಿಯಾದ ದೊಡ್ಡ ತೊಲೆ ಇದನ್ನೂ ತಾಳೀತು; ಆದರೆ ಕೊಂಡಿಗಾಗಿ ಮೇಲಿನಿಂದ ಕೆಳಕ್ಕೆ ಕೊರೆದ ರಂಧ್ರ, ಅದರ ಸುತ್ತ ಒಂದು ಗಂಟು, ಕೆಳಮೈಯಲ್ಲಿ ಹುಳು ತಿಂದ ಪದರ ಇವೆಲ್ಲ ಒಂದೇ ಕಡೆ ಸೇರಿದಾಗ ತೊಲೆ ಮುರಿಯುವುದು ಅಲ್ಲಿಯೇ.

ಮರದ ಆರೋಗ್ಯ

ಮೇಲಿನ ಲೆಕ್ಕವೆಲ್ಲ ಮರ ಗಟ್ಟಿಯಾಗಿದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಅದನ್ನು ಪರೀಕ್ಷಿಸದೆ ಲೆಕ್ಕಕ್ಕೆ ಬೆಲೆಯಿಲ್ಲ. ರಂಧ್ರವು ಮರದ ಒಳಮೈಯನ್ನು ಹೊರಗಿನ ಗಾಳಿಗೆ, ತೇವಕ್ಕೆ, ಗೆದ್ದಲಿಗೆ ತೆರೆದಿಟ್ಟಿರುತ್ತದೆ. ಸೋರುವ ಹೆಂಚಿನ ನೀರು ವಯರು ಹಿಡಿದು ಇಳಿದು ರಂಧ್ರದೊಳಗೆ ನಿಲ್ಲುತ್ತದೆ. ಸುತ್ತಿಗೆಯ ಹಿಡಿಯಿಂದ ತೊಲೆಯ ಉದ್ದಕ್ಕೂ ತಟ್ಟುತ್ತ ಹೋದರೆ ಗಟ್ಟಿ ಮರ ಖಣಿಲೆನ್ನುತ್ತದೆ, ಒಳಗೆ ಟೊಳ್ಳಾದ ಜಾಗ ಮಂದವಾದ ಸದ್ದು ಕೊಡುತ್ತದೆ. ದಬ್ಬಳದಿಂದ ರಂಧ್ರದ ಒಳಗೋಡೆಯನ್ನು ಚುಚ್ಚಿ ನೋಡಿ. ಚೇಗು, ಅಂದರೆ ಮರದ ಒಳತಿರುಳು, ಗಟ್ಟಿಯಾಗಿದ್ದರೆ ದಬ್ಬಳ ಇಳಿಯುವುದೇ ಇಲ್ಲ, ಶಿಲೀಂಧ್ರ ಹಿಡಿದಿದ್ದರೆ ಪುಡಿಪುಡಿಯಾಗಿ ಒಳಸರಿಯುತ್ತದೆ. ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಎಲ್ಲಕ್ಕಿಂತ ಅನುಮಾನದ ಜಾಗ. ತೇವಮಾಪಕ ಸಿಕ್ಕರೆ ಬಳಸಿ. ತೇವಾಂಶ ಶೇ 20ನ್ನು ದಾಟಿದ ಮರದಲ್ಲಿ ಕೊಳೆತ ಮುಂದುವರಿಯುತ್ತದೆ.

ಬಿರುಕುಗಳನ್ನು ನೋಡಿ ಭಯಪಡುವವರೂ ಇದ್ದಾರೆ, ಎಲ್ಲವನ್ನೂ ಹಳೆಯದೆಂದು ತಳ್ಳಿಹಾಕುವವರೂ ಇದ್ದಾರೆ. ಮರ ಒಣಗುವಾಗ ಬಿಡುವ ಬಿರುಕು ಎಳೆಯ ಜಾಡಿನಲ್ಲೇ ಸಾಗುತ್ತದೆ, ಒಳಗೆ ಧೂಳು ಮತ್ತು ಜೇಡರ ಬಲೆ ತುಂಬಿರುತ್ತದೆ, ಬಣ್ಣ ಹೊರಮೈಯಷ್ಟೇ ಮಾಸಿರುತ್ತದೆ. ಭಾರದಿಂದ ಬಿಟ್ಟ ಹೊಸ ಬಿರುಕಿನ ಒಳಮೈ ತಿಳಿಯಾಗಿ ಹೊಳೆಯುತ್ತದೆ, ಮತ್ತು ಅದು ರಂಧ್ರದ ಎಡಬಲಗಳಿಂದ ಹೊರಟಿರುತ್ತದೆ ಅಥವಾ ಎಳೆಗೆ ಅಡ್ಡವಾಗಿ ಚೂರುಚೂರಾಗಿರುತ್ತದೆ. ತೆಳುವಾದ ಹ್ಯಾಕ್ಸಾ ಬ್ಲೇಡನ್ನು ತೂರಿಸಿ ಆಳ ಅಳೆಯಿರಿ. ಬಿರುಕಿನ ಎರಡು ಕೊನೆಗಳಿಗೂ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಕು ಬರೆಯಿರಿ. ಮೇ ತಿಂಗಳಲ್ಲಿ ಎಳೆದ ಗೆರೆಯನ್ನು ಬಿರುಕು ಸೆಪ್ಟೆಂಬರಿನ ಹೊತ್ತಿಗೆ ದಾಟಿದ್ದರೆ ಮಾಡು ಚಲಿಸುತ್ತಿದೆ ಎಂದೇ ಅರ್ಥ. ಅಡ್ಡತೊಲೆಯ ಕೆಳಮೈಗೆ ಗೋಡೆಯಿಂದ ಗೋಡೆಗೆ ದಾರ ಬಿಗಿದು ನಡುಭಾಗ ಎಷ್ಟು ಕೆಳಕ್ಕೆ ಬಾಗಿದೆ ಎಂದು ಅಳೆದು, ರಂಧ್ರವಿಲ್ಲದ ಪಕ್ಕದ ಟ್ರಸ್‌ಗೆ ಹೋಲಿಸುವುದು ಸುಲಭವೂ ಉಪಯುಕ್ತವೂ ಆದ ಪರೀಕ್ಷೆ.

ತೀರ್ಮಾನ ಎಲ್ಲಿಯವರೆಗೆ ನಿಮ್ಮದು

ರಂಧ್ರವು ಒತ್ತಡದ ಮರದಲ್ಲಾಗಲಿ ಅಡ್ಡತೊಲೆಯ ನಡುಭಾಗದಲ್ಲಾಗಲಿ ಎತ್ತರದ ನಡುವಿನ ಮೂರನೇ ಒಂದು ಭಾಗದೊಳಗಿದ್ದು, ಅದರ ವ್ಯಾಸ ಎತ್ತರದ ಎಂಟನೇ ಒಂದು ಭಾಗವನ್ನು ಮೀರದೆ, ಜೋಡಣೆಯಿಂದ ತೊಲೆಯ ಎತ್ತರದ ಎರಡು ಪಟ್ಟಾದರೂ ದೂರವಿದ್ದು, ಸುತ್ತಲಿನ ಮರ ಗಟ್ಟಿಯಾಗಿದ್ದು ಬಿರುಕಿಲ್ಲದಿದ್ದರೆ ಅದನ್ನು ದಾಖಲಿಸಿ ಗಮನದಲ್ಲಿಟ್ಟರೆ ಸಾಕು ಎಂದು ನಾನು ಹೇಳುತ್ತೇನೆ. ಇದು ಯಾವುದೇ ಮಾನದಂಡದ ವಾಕ್ಯವಲ್ಲ, ದಪ್ಪ ಮರದ ಹಳೆಯ ಟ್ರಸ್‌ಗಳಿಗೆ ಅನ್ವಯಿಸುವ ಎಚ್ಚರಿಕೆಯ ಅಂದಾಜು. ಓರೆಮರ 50 ಮಿ.ಮೀ. ದಪ್ಪ, 100 ಮಿ.ಮೀ. ಎತ್ತರದ್ದಾಗಿದ್ದರೆ ಅದೇ 25 ಮಿ.ಮೀ. ರಂಧ್ರ ಕಾಲು ಭಾಗವನ್ನು ತೆಗೆದುಕೊಂಡಿರುತ್ತದೆ. ಸಣ್ಣ ಮರಗಳಿಗೆ ಈ ಅಂದಾಜಿನ ರಿಯಾಯಿತಿ ಇಲ್ಲ.

ಗೋಡೆಯ ಮೇಲಿನ ಜೋಡಣೆಯಲ್ಲಿ, ನಡುಗಂಬದ ತಲೆ ಮತ್ತು ಬುಡದಲ್ಲಿ, ಕಬ್ಬಿಣದ ಪಟ್ಟಿ ಅಥವಾ ಬೋಲ್ಟಿನ ಪಕ್ಕದಲ್ಲಿ, ಅಡ್ಡತೊಲೆಯ ಅಂಚಿನಲ್ಲಿ ರಂಧ್ರವಿದ್ದರೆ, ರಂಧ್ರದಿಂದ ಬಿರುಕು ಹೊರಟಿದ್ದರೆ, ಅಥವಾ ಕೊಳೆತ ಸಿಕ್ಕರೆ ತೀರ್ಮಾನ ಮರದ ರಚನೆಗಳನ್ನು ಬಲ್ಲ ಸ್ಟ್ರಕ್ಚರಲ್ ಎಂಜಿನಿಯರಿಗೆ ಸೇರಿದ್ದು. ಕಾಂಕ್ರೀಟಿನಲ್ಲೇ ಪಳಗಿದವರು ಹಳೆಯ ಮಾಡನ್ನು ನೋಡಿದ ಕೂಡಲೇ ಕೆಡವಿ ತಾರಸಿ ಹಾಕಿಸಿ ಎನ್ನುವುದುಂಟು. ಲೆಕ್ಕ ತೋರಿಸದೆ ಕೊಟ್ಟ ಆ ಸಲಹೆಯನ್ನು ಒಪ್ಪಬೇಕಾಗಿಲ್ಲ. ಮೇಲೆ ಹೇಳಿದ ಹಾಳೆಗಳನ್ನು ಮುಂದಿಟ್ಟು, ಯಾವ ಜೋಡಣೆಯಲ್ಲಿ ಯಾವ ಬಲ ಯಾವ ಮಿತಿಯನ್ನು ದಾಟಿದೆ ಎಂದು ಕೇಳುವ ಹಕ್ಕು ನಿಮಗಿದೆ.

ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿನ ಕಾರ್ಖಾನೆಯ ಟ್ರಸ್‌ಗಳನ್ನು ಸಾಮಾನ್ಯವಾಗಿ 38 ಮಿ.ಮೀ. ದಪ್ಪ, 89 ಮಿ.ಮೀ. ಎತ್ತರದ ಮೆದುಮರದಿಂದ, ಹಲ್ಲಿರುವ ಲೋಹದ ತಗಡುಗಳನ್ನು ಒತ್ತಿ ಜೋಡಿಸಿರುತ್ತಾರೆ. ಬಲದ ಉಳಿಕೆ ಅವುಗಳಲ್ಲಿ ಬಹಳ ಕಡಿಮೆ. 25 ಮಿ.ಮೀ. ರಂಧ್ರ ಅಂಥ ಮರದ ಶೇ 28ನ್ನು ಒಯ್ಯುತ್ತದೆ. ಎತ್ತರದ ಮೂರನೇ ಒಂದರವರೆಗೆ ಕೊರೆಯಬಹುದು ಎಂಬ ಅಲ್ಲಿನ ನಿಯಮವು ಬಿಡಿ ತೊಲೆಗಳಿಗೆ ಮಾತ್ರ. ಅರ್ಹ ವಿನ್ಯಾಸಕಾರರ ಒಪ್ಪಿಗೆಯಿಲ್ಲದೆ ಟ್ರಸ್‌ನ ಯಾವ ಮರವನ್ನೂ ಕತ್ತರಿಸುವಂತಿಲ್ಲ, ಕೊರೆಯುವಂತಿಲ್ಲ ಎಂದು ಅಲ್ಲಿನ ವಸತಿ ಕಟ್ಟಡ ಸಂಹಿತೆಯೇ ಹೇಳುತ್ತದೆ. ಅಲ್ಲಿ ರಂಧ್ರ ಕಂಡರೆ ಅಂದಾಜು ಬೇಡ, ಟ್ರಸ್‌ನ ತಯಾರಕರಿಂದ ರಿಪೇರಿಯ ನಕ್ಷೆ ಕೇಳಬೇಕು.

ರಿಪೇರಿ

ರಂಧ್ರಕ್ಕೆ ಪುಟ್ಟಿ ತುಂಬುವುದು ರಿಪೇರಿಯಲ್ಲ. ಬಿಗಿಯಾಗಿ ಹೊಡೆದ ಮರದ ಬಿರಡೆ ನೀರನ್ನೂ ಹುಳುವನ್ನೂ ತಡೆಯುತ್ತದೆ, ಒತ್ತಡದಲ್ಲಿ ಅಲ್ಪಸ್ವಲ್ಪ ನೆರವಾಗುತ್ತದೆ, ಆದರೆ ಎಳೆತದಲ್ಲಿ ಅದರ ಕೊಡುಗೆ ಶೂನ್ಯ, ಏಕೆಂದರೆ ಕತ್ತರಿಸಿಹೋದ ಎಳೆಗಳು ಮತ್ತೆ ಕೂಡುವುದಿಲ್ಲ. ಬಿರಡೆ ಹಾಕುವ ಮೊದಲು ಒಳಮೈಗೆ ಗೆದ್ದಲು ನಿರೋಧಕ ಲೇಪಿಸಿ ಒಣಗಲು ಬಿಡಬೇಕು. ತೊಲೆಯ ತುದಿಗೆ ಸಿಮೆಂಟು ಮೆತ್ತುವುದನ್ನಂತೂ ಮಾಡಲೇಬಾರದು. ಅದು ತೇವವನ್ನು ಒಳಗೇ ಹಿಡಿದಿಟ್ಟು ಕೊಳೆತವನ್ನು ಮರೆಮಾಡುತ್ತದೆ.

ನಡುಭಾಗದಲ್ಲಿ ಬಲ ಕೂಡಿಸಬೇಕಾದರೆ ಸಾಮಾನ್ಯ ಮಾರ್ಗ ಎರಡೂ ಪಕ್ಕಕ್ಕೆ ಹಲಗೆ ಜೋಡಿಸುವುದು. ಮೂಲ ಮರದ ಜಾತಿಯದೇ ಆದ, ಚೆನ್ನಾಗಿ ಒಣಗಿದ, ಒಂದೊಂದೂ ಮೂಲದ ಅರ್ಧದಷ್ಟು ದಪ್ಪವಿರುವ ಹಲಗೆಗಳನ್ನು ರಂಧ್ರದ ಆಚೀಚೆ ಸಾಕಷ್ಟು ದೂರ ಹೋಗುವಂತೆ ಇಟ್ಟು ಬೋಲ್ಟು ಹಾಕಬೇಕು. ಹೊಸ ಬೋಲ್ಟಿಗೆ ಬೇಕಾದದ್ದೂ ರಂಧ್ರವೇ ಎಂಬುದನ್ನು ಮರೆತು ಮರವನ್ನು ಜರಡಿಯಾಗಿಸಿದ ರಿಪೇರಿಗಳು ಕಡಿಮೆಯಿಲ್ಲ. ಬೋಲ್ಟುಗಳ ನಡುವೆ ಎಳೆಯ ಉದ್ದಕ್ಕೆ ವ್ಯಾಸದ ನಾಲ್ಕು ಪಟ್ಟು, ಹಲಗೆಯ ಕೊನೆಯಿಂದ ಏಳು ಪಟ್ಟು ಅಂತರ ಬಿಡುವುದು ರೂಢಿ. ಎಷ್ಟು ಬೋಲ್ಟು, ಯಾವ ಗಾತ್ರದ್ದು ಎಂಬುದನ್ನು ಎಂಜಿನಿಯರು ಲೆಕ್ಕ ಹಾಕಿ ಕೊಡಬೇಕು. ಗೋಡೆಯ ಮೇಲಿನ ಜೋಡಣೆ ದುರ್ಬಲವಾಗಿದ್ದರೆ ಹಲಗೆಗಿಂತ ಕಬ್ಬಿಣದ ಸರಳು ಮೇಲು. ಇಳಿಜಾರು ತೊಲೆಗಳ ಕಾಲಿಗೆ ಹೊರಗಿನಿಂದ ಕಬ್ಬಿಣದ ಪಾದ ತೊಡಿಸಿ, ತೊಲೆಯ ಎರಡೂ ಪಕ್ಕದಲ್ಲಿ ಸರಳು ಹಾಯಿಸಿ ನಟ್ಟಿನಿಂದ ಬಿಗಿದರೆ, ತುದಿತುಂಡಿನ ಕೆಲಸವನ್ನೂ ಅಡ್ಡತೊಲೆಯ ಎಳೆತವನ್ನೂ ಸರಳುಗಳೇ ವಹಿಸಿಕೊಳ್ಳುತ್ತವೆ. ಮೂಲ ಮರವನ್ನು ಮತ್ತೆ ಕೊರೆಯದೆ ಇದನ್ನು ಮಾಡಬಹುದು ಎಂಬ ಕಾರಣಕ್ಕೆ ಹಳೆಯ ಕಟ್ಟಡಗಳಿಗೆ ನಾನು ಇದನ್ನೇ ಮೊದಲು ಸೂಚಿಸುತ್ತೇನೆ.

ಕೆಲಸಕ್ಕೆ ಮೊದಲು ಹೆಂಚು ಇಳಿಸಿ ಭಾರ ಕಡಿಮೆ ಮಾಡುವುದಾದರೆ ಎರಡೂ ಇಳಿಜಾರುಗಳಿಂದ ಸಮಸಮವಾಗಿ ಇಳಿಸಬೇಕು. ಒಂದೇ ಕಡೆ ಬರಿದಾದ ಟ್ರಸ್ ಓರೆಯಾಗಿ ತಳ್ಳಲ್ಪಟ್ಟು, ಈಗಾಗಲೇ ದುರ್ಬಲವಾದ ಜೋಡಣೆಯನ್ನೇ ಮತ್ತಷ್ಟು ಪೀಡಿಸುತ್ತದೆ.

ಇದರ ಜೊತೆಗೆ ರಂಧ್ರ ಬೇಕಾದ ಕಾರಣವನ್ನೇ ತೆಗೆದುಹಾಕಬೇಕು. ವಯರನ್ನು ತೊಲೆಯ ಮೈಮೇಲೆ ಪಟ್ಟಿಯಲ್ಲಿ ಸಣ್ಣ ಸ್ಕ್ರೂ ಹಾಕಿ ಹಾಯಿಸಬಹುದು. ಫ್ಯಾನನ್ನು ತೊಲೆಯ ಸುತ್ತ ಬಿಗಿದ ಕಬ್ಬಿಣದ ಪಟ್ಟಿಯಿಂದ ತೂಗಬಹುದು. ಉಯ್ಯಾಲೆಗೆ ಗೋಡೆಯಿಂದ ಗೋಡೆಗೆ ಬೇರೆಯೇ ತೊಲೆ ಕೊಡಬೇಕು. ನೀರಿನ ಪೈಪು ಗೋಡೆಯ ಹೊರಗಿನಿಂದ ಇಳಿಯಲಿ. ಟ್ರಸ್‌ಗಳ ಹಾಳೆಗಳ ಒಂದು ಪ್ರತಿಯನ್ನು ಮೀಟರ್ ಬೋರ್ಡಿನ ಪಕ್ಕದಲ್ಲೇ ಇಟ್ಟರೆ ಮುಂದೆ ಬರುವ ವಯರಿಂಗ್‌ನವರು ಕೊರೆಯುವ ಮೊದಲು ಅದನ್ನು ನೋಡುತ್ತಾರೆ.

ಹೊಸದಾಗಿ ಹಾಕಿದ ಬೋಲ್ಟುಗಳನ್ನು ಮೊದಲ ಬೇಸಿಗೆ ಕಳೆಯುವಷ್ಟರಲ್ಲಿ ಮತ್ತೊಮ್ಮೆ ಬಿಗಿಯಬೇಕು, ಏಕೆಂದರೆ ಜೋಡಿಸಿದ ಹಲಗೆ ಎಷ್ಟೇ ಒಣಗಿದ್ದರೂ ಹೆಂಚಿನ ಕೆಳಗಿನ ಬಿಸಿಗೆ ಇನ್ನಷ್ಟು ಕುಗ್ಗಿ ನಟ್ಟುಗಳು ಸಡಿಲಗೊಂಡಿರುತ್ತವೆ. ಅದೇ ದಿನ ಪೆನ್ಸಿಲಿನ ಗೆರೆಗಳನ್ನೂ ದಾರದ ಅಳತೆಯನ್ನೂ ಪುನಃ ನೋಡಿ ಹಾಳೆಯಲ್ಲಿ ತಾರೀಕಿನೊಂದಿಗೆ ಬರೆದಿಡಬೇಕು.